ಶಿವಮೊಗ್ಗಕ್ಕೆ ಮರಳಿ ನೆಲೆಸುವವರಿಗೆ ಕಲೆಯ ಮತ್ತು ಕಲಿಕೆಯ ವಾತಾವರಣ ಹೇಗಿದೆ?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವನಾದ ನಾನು ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಮನೆಯಿಂದಲೇ ಕೆಲಸ ಮಾಡಲು ಕಚೇರಿಯೂ ಒಪ್ಪಿರುವುದರಿಂದ ಬರುವ ಜೂನ್ ಹೊತ್ತಿಗೆ ಮರಳಿ ಬರುವ ಯೋಚನೆಯಿದೆ. ಆದರೆ ಹತ್ತು ವರ್ಷದ ಮಗಳು ಇಲ್ಲಿ ಸಂಗೀತ ಕಲಿಯುತ್ತಿದ್ದಾಳೆ, ತಿಂಗಳಿಗೆ ಒಂದಾದರೂ ನಾಟಕ ನೋಡುತ್ತಾಳೆ. ಅದೆಲ್ಲ ತಪ್ಪಿಹೋದೀತೆಂಬುದು ನನ್ನ ಪತ್ನಿಯ ಆತಂಕ. ರಸ್ತೆ, ಆಸ್ಪತ್ರೆ, 2023ರಲ್ಲಿ ಆರಂಭವಾದ ವಿಮಾನ ನಿಲ್ದಾಣ ಇವೆಲ್ಲ ನನಗೆ ಗೊತ್ತಿವೆ. ಹಬ್ಬ, ಜಾತ್ರೆಗಳ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಒಂದು ಮಗು ನೋಡುವುದಕ್ಕೆ, ಕೇಳುವುದಕ್ಕೆ, ಕಲಿಯುವುದಕ್ಕೆ ಅಲ್ಲಿ ಏನಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ವಿನೋಬನಗರ, ಶಿವಮೊಗ್ಗ)

ತಮ್ಮ ಪತ್ನಿಯವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಷ್ಟು ಆಯ್ಕೆ ಇಲ್ಲಿ ಸಿಗದು. ಆದರೆ ಊರು ಬರಿದಾಗಿಯೂ ಇಲ್ಲ. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಇಂದಿಗೂ ಉಪನ್ಯಾಸ, ಪುಸ್ತಕ ಬಹುಮಾನಗಳನ್ನು ನಡೆಸಿಕೊಂಡು ಬರುತ್ತಿದೆ. ಕುವೆಂಪು ರಂಗಮಂದಿರವಿದೆ, ಸರ್ಕಾರದ ರಂಗಾಯಣದ ಘಟಕವೂ ಇಲ್ಲಿದೆ. ಉನ್ನತ ಶಿಕ್ಷಣದ ಬಗ್ಗೆ ಚಿಂತೆ ಬೇಡ. 1940ರ ಸಹ್ಯಾದ್ರಿ ಕಾಲೇಜಿನಿಂದ 1987ರ ಕುವೆಂಪು ವಿಶ್ವವಿದ್ಯಾಲಯದವರೆಗೆ ಈ ಜಿಲ್ಲೆ ಓದಿಗೆ ಹೆಸರಾದದ್ದೇ.

ನನಗೆ ನೋವಿರುವುದು ಶಾಲೆಗಳ ವಿಷಯದಲ್ಲಿ. ನನ್ನ ಮಗ ಎಂಟನೆಯ ತರಗತಿಗೆ ಬಂದ ವರ್ಷ ಅವನ ಶಾಲೆಯಲ್ಲಿ ಚಿತ್ರಕಲೆಯ ಅವಧಿಯನ್ನು ತೆಗೆದು ಗಣಿತಕ್ಕೆ ಕೊಟ್ಟರು. ಕಾರಣ ಕೇಳಿದರೆ, ಪೋಷಕರೇ ಹಾಗೆ ಬಯಸುತ್ತಾರೆ ಎಂದರು. ಆ ಸಭೆಯಲ್ಲಿ ವಿರೋಧಿಸಿದವನು ನಾನೊಬ್ಬನೇ. ಶಾಲೆ ಆರಿಸುವಾಗ ಫಲಿತಾಂಶದ ಫಲಕವನ್ನು ಓದುವುದರ ಜೊತೆಗೆ ವೇಳಾಪಟ್ಟಿಯನ್ನೂ ಕೇಳಿ ನೋಡಿ.

ಉತ್ತರ 2 (ಸಾಗರದಿಂದ)

ಶಿವಮೊಗ್ಗವನ್ನು ನಗರದ ಮಿತಿಯೊಳಗೆ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಹೆಗ್ಗೋಡಿನಲ್ಲಿ, ಸುತ್ತಲೂ ಅಡಿಕೆ ತೋಟಗಳಿರುವ ಹಳ್ಳಿಯಲ್ಲಿ, 1949ರಲ್ಲಿ ಆರಂಭವಾದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಕಟ್ಟಿತು. 1985ರಿಂದ ಅದರ ಸಂಚಾರಿ ತಂಡವಾದ ತಿರುಗಾಟವು ಊರಿಂದೂರಿಗೆ ನಾಟಕಗಳನ್ನು ಕೊಂಡೊಯ್ಯುತ್ತಿದೆ, ನೀನಾಸಂ ಹಿಂದಿನ ಶಕ್ತಿಯಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದೆಲ್ಲ ಎಲ್ಲರಿಗೂ ತಿಳಿದದ್ದೇ. ನಾನು ಹೇಳಬೇಕೆಂದಿರುವುದು ಬೇರೆ. ನಮ್ಮ ಮನೆಯ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ನಾಟಕ ಮುಗಿದ ಮರುದಿನ ಕಳೆ ಕೀಳುತ್ತಲೇ ಯಾರ ಪಾತ್ರ ಸಪ್ಪೆಯಾಯಿತು, ಏಕೆ ಆಯಿತು ಎಂದು ವಿವರಿಸುತ್ತಾರೆ. ನಲವತ್ತು ವರ್ಷ ಒಂದೇ ಕಡೆ ನಾಟಕ ನೋಡಿದವರಿಗೆ ಬರುವ ಕಣ್ಣು ಅದು, ಯಾವ ಕಟ್ಟಡದಿಂದಲೂ ಅದನ್ನು ತರಲಾಗದು.

ಇನ್ನೊಂದು ವಿಷಯ. ಭೂಮಿ ಹುಣ್ಣಿಮೆಯ ಹೊತ್ತಿಗೆ ಮಗಳನ್ನು ನಮ್ಮ ಕಡೆಯ ದೀವರ ಸಮುದಾಯದ ಮನೆಗಳಿಗೆ ಕರೆದುಕೊಂಡು ಬನ್ನಿ. ಹಬ್ಬದ ಎಡೆಯನ್ನು ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಉಸಿರು ಹಿಡಿದು ಒಂದೊಂದೇ ಬಿಳಿ ಗೆರೆ ಎಳೆಯುವ ಅಜ್ಜಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತರೆ, ಹಸೆ ಚಿತ್ತಾರ ಎಂದರೇನೆಂದು ಮಗುವಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಉತ್ತರ 3 (ಹೊಸಹಳ್ಳಿ ಸಮೀಪದಿಂದ)

ತಮ್ಮ ಮಗಳು ಸಂಗೀತ ಕಲಿಯುತ್ತಿದ್ದಾಳೆ ಎಂದಿರಿ, ಅದಕ್ಕಾಗಿ ಬರೆಯುತ್ತಿದ್ದೇನೆ. ಮತ್ತೂರು, ಹೊಸಹಳ್ಳಿ ತುಂಗಾತೀರದ ಅವಳಿ ಹಳ್ಳಿಗಳು. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ, ಅಂದರೆ ರಾಗವಾಗಿ ಕಾವ್ಯ ವಾಚಿಸುವ ಕಲೆಗೆ. ಇಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಸಂಭ್ರಮಿಸಿತ್ತು. ಗಮಕದಲ್ಲಿ ತಾಳದ ಕಟ್ಟಿಲ್ಲ. ಪದ್ಯದ ಭಾವಕ್ಕೆ ಒಪ್ಪುವ ರಾಗವನ್ನು ಆರಿಸಿಕೊಂಡು, ಅರ್ಥ ಕೆಡದಂತೆ ಪದವನ್ನು ಎಲ್ಲಿ ಬಿಡಿಸಬೇಕೋ ಅಲ್ಲಿ ಬಿಡಿಸಿ ಗಮಕಿ ವಾಚಿಸುತ್ತಾರೆ. ಆಮೇಲೆ ವ್ಯಾಖ್ಯಾನಕಾರರು ಆ ಪದ್ಯವನ್ನು ಕೇಳುಗರಿಗೆ ಬಿಚ್ಚಿಡುತ್ತಾರೆ. ಸಂಗೀತ ಬಲ್ಲ ಮಗುವಿಗೆ ಹಳೆಯ ಕನ್ನಡ ಇಷ್ಟು ಹಗುರವಾಗಿ ಒಲಿಯುವ ದಾರಿ ಇನ್ನೊಂದಿಲ್ಲ ಎಂದು ನನ್ನ ಗಟ್ಟಿ ನಂಬಿಕೆ.

ಆದರೆ ಇಲ್ಲಿನ ಕೊರತೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ರಾತ್ರಿ ಒಂಬತ್ತೂವರೆಗೆ ಕಾರ್ಯಕ್ರಮ ಮುಗಿದರೆ ನಮ್ಮಂಥ ಹಳ್ಳಿಯವರಿಗೆ ಬಸ್ಸಿರುವುದಿಲ್ಲ, ಹಾಗಾಗಿ ಕೊನೆಯ ಅಂಕಕ್ಕೆ ಮೊದಲೇ ಎದ್ದು ಬಂದದ್ದು ಎಷ್ಟು ಸಲವೋ. ಕಲೆ ಉಳಿಯಬೇಕಾದರೆ ಕೇಳುಗರು ಕೊನೆಯವರೆಗೆ ಕುಳಿತಿರುವಂತಾಗಬೇಕು. ತಮ್ಮಂಥವರು ಬಂದು ನೆಲೆಸಿದರೆ ಈ ಬೇಡಿಕೆಗೂ ಬಲ ಬಂದೀತು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಇವನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಭೂಮಣ್ಣಿ ಬುಟ್ಟಿಯ ಮಾತು ಬಂದಾಗ ಮಗಳು ಪುಂಡಿನಾರು ಎಂದರೇನು ಎಂದು ಕೇಳಿದಳು, ನನಗೆ ಸರಿಯಾಗಿ ಹೇಳಲಾಗಲಿಲ್ಲ. ಈ ಸಲ ದಸರಾ ರಜೆಗೆ ಬಂದವರು ಭೂಮಿ ಹುಣ್ಣಿಮೆಯವರೆಗೆ ಉಳಿಯುತ್ತೇವೆ. ಹೊಸಹಳ್ಳಿ ಕಡೆಯವರಲ್ಲಿ ಒಂದು ವಿನಂತಿ: ಹತ್ತು ವರ್ಷದ ಮಕ್ಕಳಿಗೆ ಭಾನುವಾರಗಳಂದು ಗಮಕ ಹೇಳಿಕೊಡುವವರು ತಮ್ಮ ಸುತ್ತಮುತ್ತ ಇದ್ದಾರೆಯೇ?

ಉತ್ತರ 3 (ಹೊಸಹಳ್ಳಿ ಸಮೀಪದಿಂದ)

ಇದ್ದಾರೆ. ಬಂದ ದಿನ ಮೊದಲು ನಮ್ಮ ಮನೆಗೆ ಬನ್ನಿ, ಊಟ ಮುಗಿಸಿಕೊಂಡು ಒಟ್ಟಿಗೆ ಅವರಲ್ಲಿಗೆ ಹೋಗೋಣ.