ಪದಚರ್ಚೆ: ‘ನುಸಿಗುಳಿಗೆ’ಯ ನುಸಿ ಯಾವುದು?

ಪ್ರಶ್ನೆ: ಮನೆಯ ಗೋಡೆಯಲ್ಲಿ ಕಾಣುವ ಬೂದು ಬಣ್ಣದ ಪುಟ್ಟ ಪತಂಗವನ್ನು (ಫೆರಿಯೋಯಿಕಾ ಉಟೆರೆಲ್ಲಾ) ‘ನುಸಿ’ ಎಂದು ಕನ್ನಡಿಸಬಹುದೇ? ನುಸಿ ಎಂದರೆ ಮೈಟ್ ಅಲ್ಲವೇ ಎಂಬ ಆಕ್ಷೇಪ ಬಂದಿದೆ.

ಉತ್ತರ: ಆಕ್ಷೇಪ ಕೃಷಿ ಬರಹದ ಮಟ್ಟಿಗೆ ಸರಿ. ಮನೆಮಾತಿನಲ್ಲಿ ಬೇಳೆಗೆ, ಬಟ್ಟೆಗೆ ಹಿಡಿಯುವ ಸಣ್ಣ ಹುಳವೆಲ್ಲ ನುಸಿಯೇ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಇತ್ತಲೂ ಹಬ್ಬಿದ ಮೇಲೆ ಪದ ಮೈಟ್‌ಗೆ ಗಟ್ಟಿಯಾಗಿ ಅಂಟಿತು. ಅದು ಬರಿಗಣ್ಣಿಗೆ ಕಾಣದ, ರೆಕ್ಕೆಯಿಲ್ಲದ, ಜೇಡನ ಬಳಗದ ಜೀವಿ. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆ ಅದಕ್ಕಲ್ಲ, ಉಣ್ಣೆ ತಿನ್ನುವ ಪತಂಗದ ಹುಳಕ್ಕೆ.

ನೀವು ಕೇಳಿದ ಪತಂಗ ಆ ಬಟ್ಟೆ ಪತಂಗಗಳ ಕುಟುಂಬದ್ದೇ. ರೆಕ್ಕೆ ಬಿಚ್ಚಿದರೆ 7ರಿಂದ 13 ಮಿಲಿಮೀಟರ್. ಹೆಣ್ಣಿನ ಮುಂರೆಕ್ಕೆಯ ಬೂದಿನ ಮೇಲೆ ಮೂರು-ನಾಲ್ಕು ಕಪ್ಪು ಚುಕ್ಕೆ, ಹಿಂರೆಕ್ಕೆಯ ಅಂಚಿಗೆ ಕೂದಲಿನಂಥ ಉದ್ದ ಹುರುಪೆಗಳ ಕುಚ್ಚು. ಗಂಡು ಇನ್ನೂ ಸಣ್ಣದು, ಚುಕ್ಕೆಯೂ ಮಸುಕು. ಆದರೆ ಜನ ಪತಂಗವನ್ನು ಗಮನಿಸುವುದು ಕಡಿಮೆ, ಕಾಣುವುದು ಮರಿಹುಳದ ಗೂಡು: ಸೌತೆಬೀಜಕ್ಕಿಂತ ತುಸು ದೊಡ್ಡದು, ಚಪ್ಪಟೆ, ರೇಷ್ಮೆ ನೂಲಿಗೆ ಮರಳು, ದೂಳು, ಹುಳದ ಹಿಕ್ಕೆ ಮೆತ್ತಿದ್ದು. ಎರಡೂ ತುದಿ ತೆರೆದಿರುವುದರಿಂದ ಒಳಗಿನ ಹುಳ ತಿರುಗಿ ಯಾವ ಕಡೆಯಿಂದ ಬೇಕಾದರೂ ತಲೆ ಹಾಕುತ್ತದೆ. ‘ಬೀಜ ನಡೆಯುತ್ತಿದೆ’ ಎಂದು ಮಕ್ಕಳು ಬೆರಗಾಗುವುದು ಇದಕ್ಕೇ.

ಈ ಪತಂಗದ ನೆಲೆ ಅಮೆರಿಕದಲ್ಲಿ ಫ್ಲಾರಿಡಾ, ಲೂಸಿಯಾನ, ದಕ್ಷಿಣಕ್ಕೆ ಗಯಾನ, ಬ್ರೆಜಿಲ್; ಈ ಕುಲದವು ಭಾರತದ ಮನೆಗಳಲ್ಲೂ ಇವೆ. ತೇವವಿಲ್ಲದೆ ಬಾಳದು, ಹಾಗಾಗಿ ಒಣಹವೆಯ ಊರಲ್ಲಿ ಹುಡುಕಿ ಫಲವಿಲ್ಲ. ಮುಖ್ಯ ಆಹಾರ ಹಳೆಯ ಜೇಡರಬಲೆ, ಸಿಕ್ಕರೆ ಉಣ್ಣೆ, ಉದುರಿದ ಕೂದಲು. ಹತ್ತಿ ಸೀರೆ ತೂತಾದರೆ ಇದನ್ನು ದೂರಬೇಡಿ, ಗಂಜಿ ಹಾಕಿದ ಬಟ್ಟೆಗೆ ಬರುವುದು ಬೆಳ್ಳಿಹುಳ. ನುಸಿಗುಳಿಗೆಯೂ ಇಲ್ಲಿ ದಂಡ: ಅದರ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ನಿಂತರಷ್ಟೇ ಕೆಲಸ, ಗೋಡೆಯ ಮೂಲೆಯಲ್ಲಿಟ್ಟರೆ ಬರೀ ವಾಸನೆ. ಬಲೆ ಗುಡಿಸಿ, ಗೂಡುಗಳನ್ನು ಕೈಯಿಂದ ಕಿತ್ತರೆ ಸಾಕು.

ಪದದ ವಿಷಯ: ಬರೀ ‘ನುಸಿ’ ಬೇಡ, ಗೊಂದಲ. ಕುಟುಂಬಕ್ಕೆ ‘ನುಸಿಪತಂಗ’, ಇದಕ್ಕೆ ‘ಗೂಡುಹೊರೆ ನುಸಿಪತಂಗ’ ಎನ್ನಿ. ‘ಚೀಲಹುಳ’ವೂ ಚೆಂದ, ಆದರೆ ಗಿಡಗಳಲ್ಲಿ ಕಡ್ಡಿಚೂರಿನ ಚೀಲ ಹೊತ್ತು ತೂಗುವುದು ಬೇರೆಯೇ ಕುಟುಂಬ. ನುಸಿಗುಳಿಗೆಯನ್ನು ಮಾತ್ರ ತಿದ್ದಲು ಹೋಗಬೇಡಿ, ಅಂಗಡಿಯವರು ಕೊಡುವುದಿಲ್ಲ.