ವೃದ್ಧರ ಆರೈಕೆ ಕೇಂದ್ರದ ಎಲ್ಲ ಹಾಸಿಗೆಗಳಿಗೂ ಅಲಾರಂ ಹಾಕಿಸಬೇಕೇ?

ಪ್ರಶ್ನೆ: ವ್ಯವಸ್ಥಾಪಕಿ, ನವನಗರ, ಬಾಗಲಕೋಟೆ

ನಮ್ಮದು ಹದಿನೆಂಟು ಹಾಸಿಗೆಗಳ ಚಿಕ್ಕ ಆರೈಕೆ ಕೇಂದ್ರ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಮತ್ತು ಒಬ್ಬ ಆಯಾ ಮಾತ್ರ ಇರುತ್ತಾರೆ. ಇಲ್ಲಿ ಬಿದ್ದವರಲ್ಲಿ ಹೆಚ್ಚಿನವರು ನಸುಕಿನಲ್ಲಿ ಯಾರನ್ನೂ ಕರೆಯದೆ ಶೌಚಾಲಯಕ್ಕೆ ಹೊರಟವರು. ಹಾಸಿಗೆಗೆ ಸೆನ್ಸರ್ ಪ್ಯಾಡ್ (ಮಲಗಿದವರು ಎದ್ದರೆ ಅಲಾರಂ ಕೂಗಿಸುವ ಹಾಸು) ಹಾಕಿದರೆ ಬೀಳುವುದು ನಿಲ್ಲುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಕ್ಯಾಮೆರಾ ಸಾಕು ಎಂಬುದು ಟ್ರಸ್ಟಿನ ಹಿರಿಯರ ಅಭಿಪ್ರಾಯ. ಎರಡಕ್ಕೂ ಆಗುವಷ್ಟು ಹಣವಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಬಯೋಮೆಡಿಕಲ್ ಎಂಜಿನಿಯರ್, ಬೆಳಗಾವಿ

ಮೇಡಂ, ಬೀಳದಂತೆ ತಡೆಯುವ ಉಪಕರಣ ಬೇರೆ, ಬಿದ್ದದ್ದನ್ನು ತಿಳಿಸುವ ಉಪಕರಣ ಬೇರೆ. ಕೈಗಡಿಯಾರದಲ್ಲಿಯೂ ಕೊರಳಿನ ಪದಕದಲ್ಲಿಯೂ ಬರುವ ಸೆನ್ಸರ್ ದೇಹ ರಭಸದಿಂದ ನೆಲಕ್ಕೆ ತಾಗಿದ್ದನ್ನು ಗುರುತಿಸುತ್ತದೆ. ಅಂದರೆ ಅದು ಎರಡನೆಯ ಬಗೆಯದು. ನೋಡುವವರಿಲ್ಲದ ಕ್ಯಾಮೆರಾ ಕೂಡ ಅಷ್ಟೇ. ಪ್ಯಾಡ್ ಮೈಭಾರ ಸರಿದೊಡನೆ ಕೂಗುತ್ತದೆ, ನಿಜ. ಆದರೆ ಸಿಸ್ಟರ್ ಆ ಹೊತ್ತಿನಲ್ಲಿ ಇನ್ನೊಂದು ಕೋಣೆಯಲ್ಲಿದ್ದರೆ, ಅವರು ಬರುವಷ್ಟರಲ್ಲಿ ಅಜ್ಜನವರು ಎದ್ದು ನಾಲ್ಕು ಹೆಜ್ಜೆ ಹಾಕಿರುತ್ತಾರೆ. ಅಮೆರಿಕದ ಆಸ್ಪತ್ರೆಯೊಂದರ 16 ವಾರ್ಡುಗಳಲ್ಲಿ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು ನಡೆದು, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲಾರಂ ಬಳಕೆ ಹೆಚ್ಚಿತೇ ಹೊರತು ಬೀಳುವವರ ಪ್ರಮಾಣ ಕಡಿಮೆಯಾಗಲಿಲ್ಲ. ಆದ್ದರಿಂದ ಹದಿನೆಂಟಕ್ಕೂ ಹಾಕಿಸಬೇಡಿ. ಮಗ್ಗುಲು ಬದಲಿಸಿದಾಗಲೆಲ್ಲ ಗಂಟೆ ಬಾರಿಸಿದರೆ ಕೆಲವೇ ದಿನಗಳಲ್ಲಿ ಆ ಸದ್ದಿಗೆ ಯಾರೂ ಏಳುವುದಿಲ್ಲ.

ಉತ್ತರ 2: ಹಿರಿಯ ಶುಶ್ರೂಷಕಿ, ವಿಜಯಪುರ

ಮೇಲಿನ ಸಹೋದರರ ಮಾತನ್ನು ಒಪ್ಪುತ್ತೇನೆ, ಆದರೆ ಅವರು ಉಪಕರಣದಲ್ಲಿಯೇ ನಿಂತರು. ಹಿರಿಯರು ಏಕೆ ಏಳುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಮಲಗುವ ಮುನ್ನ ಒಮ್ಮೆ, ನಸುಕಿಗೆ ಮೊದಲು ಒಮ್ಮೆ ತಾವಾಗಿಯೇ ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ಯಿರಿ. ನಡೆಯಲಾಗದವರಿಗೆ ಮಂಚದ ಪಕ್ಕದಲ್ಲಿಯೇ ಕಮೋಡ್ ಕುರ್ಚಿ ಇಡಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆಯ ಬದಲು ಬೆಳಿಗ್ಗೆ ಕೊಡಬಹುದೇ, ನಿದ್ರೆಯ ಮಾತ್ರೆಯನ್ನು ಕಡಿಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ನಿಮ್ಮಲ್ಲಿ ಈಗಾಗಲೇ ಇರುವ ಒಂದು ಯಂತ್ರವನ್ನಂತೂ ಮರೆಯಬೇಡಿ: ಬಿಪಿ ಉಪಕರಣ. ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅವರು ತಲೆ ತಿರುಗಿ ಬೀಳುವ ಸಾಧ್ಯತೆಯುಳ್ಳವರು.

ಮಂಚದ ಎರಡೂ ಬದಿಗೆ ಕಟಕಟೆ ಏರಿಸಿ ನಿಶ್ಚಿಂತರಾಗಬೇಡಿ. ಮರೆವಿನ ರೋಗವಿರುವವರು ಅದನ್ನು ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಎತ್ತರ ಇಳಿಸಬಹುದಾದ ಮಂಚ ಮೇಲು. ನಮ್ಮ ಕಡೆಯ ಅಜ್ಜಂದಿರ ಧೋತರದ ಅಂಚು, ಆಯಿಗಳ ಸೀರೆಯ ನೆರಿಗೆ ಕಾಲಿಗೆ ಸಿಕ್ಕುವುದನ್ನು ಯಾವ ಸೆನ್ಸರೂ ಹೇಳುವುದಿಲ್ಲ. ರಾತ್ರಿಯ ಉಡುಪನ್ನು ಗೌರವದಿಂದ ಮಾತನಾಡಿಯೇ ಬದಲಿಸಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪ್ಯಾಡ್ ಯಾರಿಗೂ ಬೇಡವೇ? ನಮ್ಮಲ್ಲಿ ಇಬ್ಬರು ಆಯಿಗಳಿಗೆ ಮರೆವಿನ ರೋಗವಿದ್ದು, ಕರೆಗಂಟೆ ಒತ್ತಿ ಎಂದು ಎಷ್ಟು ಹೇಳಿದರೂ ನೆನಪಿರುವುದಿಲ್ಲ.

ಉತ್ತರ 3: ಬಯೋಮೆಡಿಕಲ್ ಎಂಜಿನಿಯರ್, ಬೆಳಗಾವಿ

ಅವರಿಬ್ಬರಿಗೆ ಹಾಕಿಸಿ, ಅವರ ಮಂಚಗಳನ್ನು ಸಿಸ್ಟರ್ ಕೂರುವ ಜಾಗಕ್ಕೆ ಹತ್ತಿರ ತನ್ನಿ. ಗಂಟೆ ಅವರ ಕಿವಿಯ ಬಳಿ ಕೂಗಿ ಗಾಬರಿಪಡಿಸದೆ ಸಿಸ್ಟರ್ ಮೇಜಿನ ಮೇಲೆ ಕೂಗುವಂತಿರಲಿ. ಕರೆಂಟ್ ಹೋದಾಗ ಕೆಲಸ ಮಾಡುವ ಬ್ಯಾಟರಿ ಇದೆಯೇ ಎಂದು ಪ್ಲಗ್ ಕಿತ್ತು ಪರೀಕ್ಷಿಸಿಯೇ ಹಣ ಕೊಡಿ. ಉಳಿದ ಹಣದಲ್ಲಿ ಮಂಚದಿಂದ ಶೌಚಾಲಯದವರೆಗೆ ಮನುಷ್ಯರ ಚಲನೆಗೆ ತಾನಾಗಿ ಹತ್ತುವ ಸಣ್ಣ ದೀಪಗಳನ್ನು, ಗೋಡೆಗೆ ಹಿಡಿಕೆಗಳನ್ನು ಹಾಕಿಸಬಹುದು. ಗಂಟೆ ಬಾರಿಸಿದ ಸಮಯವನ್ನು ರಾತ್ರಿ ಪಾಳಿಯ ರಿಜಿಸ್ಟರಿನಲ್ಲಿ ಬರೆಯಿಸಿ. ಆಯಿಗಳು ಏಳುವ ಹೊತ್ತು ತಿಳಿದ ಮೇಲೆ, ಸಹೋದರಿಯವರು ಹೇಳಿದಂತೆ ಅದಕ್ಕಿಂತ ಸ್ವಲ್ಪ ಮೊದಲೇ ಆಯಾ ಬಂದು ಆಯಿಗಳನ್ನು ಎಬ್ಬಿಸಬಹುದು.