ಲಿಂಗ್‌ಕಾಡ್ ಮೀನು ಬೋಟಿನ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತಿದೆ, ಏನು ಮಾಡಲಿ? (ನ್ಯೂಪೋರ್ಟ್, ಆರೆಗಾನ್)

ಪೋರ್ಟ್‌ಲ್ಯಾಂಡ್_ಗಾಳ:
ತಲೆ ಕೆಟ್ಟುಹೋಗಿದೆ. ನಿನ್ನೆ ಚಾರ್ಟರ್ ಬೋಟಿನಲ್ಲಿ ಹೋಗಿದ್ದೆ. ತಳದಲ್ಲಿ ಲಿಂಗ್‌ಕಾಡ್ ಕಚ್ಚುತ್ತದೆ, ರಾಡ್ ಬಾಗುತ್ತದೆ, ಕಷ್ಟಪಟ್ಟು ಮೇಲೆ ತರುತ್ತೇನೆ. ತಲೆ ನೀರಿನ ಮೇಲೆ ಕಾಣುತ್ತದೆ, ಅಷ್ಟರಲ್ಲಿ ಭಾರವೇ ಇಲ್ಲ. ಮತ್ತೆ ಮತ್ತೆ ಇದೇ ಕಥೆ. ಪಕ್ಕದವರೆಲ್ಲ ಎರಡೆರಡು ಹಿಡಿದರು. ಯಾವ ಗಾಳ ತಗೊಳ್ಳಲಿ?

ಅಲೆಮಾರಿ_ಸಿಯಾಟಲ್:
ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲ್‌ನ ತಡೆ) ಬಿಗಿ ಜಾಸ್ತಿ ಆಗಿದೆ, ಅಷ್ಟೇ. ಬ್ರೇಡ್ (ಹೆಣೆದ ದಾರ) ಹಿಗ್ಗುವುದಿಲ್ಲ. ಮೀನು ತಲೆ ಒದರಿದರೆ ಬಾಯಿ ಹರಿದು ಗಾಳ ಕಿತ್ತು ಬರುತ್ತದೆ. ತುದಿಗೆ ನಾಲ್ಕು ಮಾರು ತಂಗೂಸಿ (ಹಿಗ್ಗುವ ನೈಲಾನ್ ದಾರ) ಕಟ್ಟಿ.

ಕರಾವಳಿ_ಹುಡುಗ:
ಬ್ರೇಡ್ ಮೇಲೆ ಯಾಕೆ ತಪ್ಪು ಹೊರಿಸ್ತೀರಿ? ನೂರಡಿ ಆಳದಲ್ಲಿ ಬರೀ ತಂಗೂಸಿ ಹಾಕಿದರೆ ಮೀನು ಮುಟ್ಟಿದ್ದೂ ಸರಿಯಾಗಿ ಗೊತ್ತಾಗುವುದಿಲ್ಲ.

ಅಲೆಮಾರಿ_ಸಿಯಾಟಲ್:
ಬರೀ ತಂಗೂಸಿ ಅಂತ ನಾನು ಹೇಳಿದೆನಾ? ತುದಿಗೆ ಅಂದೆ. ನನ್ನ ಎಲೆಕ್ಟ್ರಿಕ್ ರೀಲ್‌ನಲ್ಲಿ ಹೀಗೇ ಕಟ್ಟಿದ್ದೇನೆ. ಒಂದು ಗುಂಡಿ ಒತ್ತಿದರೆ ಸಾಕು. ಡ್ರ್ಯಾಗ್ ಎಷ್ಟಿತ್ತು ಅಂತ ಅವರು ಮೊದಲು ಹೇಳಲಿ.

ಪೋರ್ಟ್‌ಲ್ಯಾಂಡ್_ಗಾಳ:
ರಾಡ್, ರೀಲ್ ಎಲ್ಲ ಬೋಟಿನವರದೇ, ಡ್ರ್ಯಾಗ್ ಹೊಂದಿಸಿದ್ದೂ ಅವರೇ. ದಾರ ತುಂಡಾಗಿಲ್ಲ, ಗಾಳವೂ ನೆಟ್ಟಗಿತ್ತು. ಪ್ರತಿ ಸಲ ಒಂದು ಸಣ್ಣ ರಾಕ್‌ಫಿಶ್ ಮಾತ್ರ ಉಳಿದಿರುತ್ತಿತ್ತು. ಎರಡೂ ಪಕ್ಕ ಹಲ್ಲಿನ ಗೀರು, ಹುರುಪೆ ಎದ್ದುಹೋಗಿತ್ತು.

ಯಕೀನಾ_ರಂಗ:
ಇದನ್ನೇ ಮೊದಲು ಹೇಳಬೇಕಿತ್ತು ಮಾರಾಯ್ರೇ! ನಿಮ್ಮ ಲಿಂಗ್‌ಕಾಡ್ ಗಾಳಕ್ಕೆ ಬಿದ್ದೇ ಇಲ್ಲ. ಬಿದ್ದದ್ದು ರಾಕ್‌ಫಿಶ್. ಅದನ್ನು ನುಂಗಲು ಲಿಂಗ್‌ಕಾಡ್ ಅಡ್ಡ ಕಚ್ಚಿ ಹಿಡಿದಿದೆ, ತುತ್ತು ಬಿಡಲು ಮನಸ್ಸಿಲ್ಲದೆ ಮೇಲಿನವರೆಗೂ ಬಂದಿದೆ. ತಲೆ ಗಾಳಿಗೆ ಬಂದರೆ ಬಾಯಿ ಬಿಡುತ್ತದೆ. ಗಾಳ ಬದಲಾಯಿಸಿ ಉಪಯೋಗವಿಲ್ಲ.

ರಾಡ್ ಏರಿಸಿ ಇಳಿಸಬೇಡಿ, ಒಂದೇ ಸಮ ನಿಧಾನಕ್ಕೆ ಸುತ್ತಿ. ನೀರಿನಲ್ಲಿ ಮೀನಿನ ಬಣ್ಣ ಕಂಡ ಕೂಡಲೇ ಡೆಕ್‌ಹ್ಯಾಂಡ್‌ಗೆ (ಬೋಟಿನ ಕೆಲಸದವರಿಗೆ) ಕೂಗಿ, ಸುತ್ತುವುದು ನಿಲ್ಲಿಸಿ. ತಲೆ ನೀರೊಳಗೇ ಇರಲಿ, ಬಲೆ ಕೆಳಗಿನಿಂದ ಬರಲಿ. ಲಿಂಗ್‌ಕಾಡ್ ಇಟ್ಟುಕೊಳ್ಳಲು ಬೇಕಾದ 22 ಇಂಚು ಇದೆ ಅಂತ ಖಾತ್ರಿ ಇಲ್ಲದಿದ್ದರೆ ಗ್ಯಾಫ್ (ಉದ್ದ ಹಿಡಿಯ ಚೂಪು ಕೊಕ್ಕೆ) ಹೊಡೆಯಲು ಬಿಡಬೇಡಿ. ರಾಕ್‌ಫಿಶ್ ಬೇಡ ಅಂದರೆ ಸುಮ್ನೆ ಎಸೆಯಬೇಡಿ. ಒಳಗಿನ ಗಾಳಿಚೀಲ ಉಬ್ಬಿ ಅದು ತೇಲುತ್ತಲೇ ಸಾಯುತ್ತದೆ. ಅದನ್ನು ತಳಕ್ಕೆ ಇಳಿಸುವ ಸಾಧನ ಬೋಟಿನಲ್ಲಿ ಇರಲೇಬೇಕು, ಕೇಳಿ.

ಕರಾವಳಿ_ಹುಡುಗ:
ಚಿನೂಕ್ ಸಾಲ್ಮನ್ ಕೂಡ ನನಗೆ ಹೀಗೇ ತಪ್ಪುತ್ತದೆ. ಅದಕ್ಕೂ ಇದೇ ಕಾರಣನಾ?

ಯಕೀನಾ_ರಂಗ:
ಅಲ್ಲ, ಅದು ಬೇರೆ. ಸಾಲ್ಮನ್‌ಗೆ ಮುಳ್ಳಿಲ್ಲದ (ಮೀನು ಜಾರದಂತೆ ಹಿಡಿಯುವ ಹಿಮ್ಮುಖ ಮೊನೆ ಇಲ್ಲದ) ಗಾಳ ಕಡ್ಡಾಯ. ದಾರ ಒಂದು ಕ್ಷಣ ಸಡಿಲವಾದರೂ ಕಳಚಿಕೊಳ್ಳುತ್ತದೆ. ಬೋಟಿನ ಕಡೆ ಓಡಿ ಬಂದಾಗ ಜೋರಾಗಿ ಸುತ್ತಿ. ಸಾಲ್ಮನ್ ಬೋಟಿಗೆ ಬಂದ ಮೇಲೆ ತಳದ ಮೀನಿಗೂ ಮುಳ್ಳಿಲ್ಲದ ಗಾಳವೇ ಹಾಕಬೇಕು, ನೆನಪಿರಲಿ.

ಅಲೆಮಾರಿ_ಸಿಯಾಟಲ್:
ಇರಬಹುದು. ಆದರೂ ಡ್ರ್ಯಾಗ್ ಒಮ್ಮೆ ತಕ್ಕಡಿಗೆ ಸಿಗಿಸಿ ಅಳೆದು ನೋಡಿ.

ಪೋರ್ಟ್‌ಲ್ಯಾಂಡ್_ಗಾಳ:
ರಂಗಣ್ಣ, ತುಂಬಾ ಥ್ಯಾಂಕ್ಸ್. ಸಮುದ್ರ ಶಾಂತವಾಗಿದ್ದರೆ ಶನಿವಾರ ಮತ್ತೆ ಹೋಗುತ್ತೇನೆ. ಬಲೆ ಬೇಗ ಸಿಗಬೇಕು ಅಂದರೆ ಬೋಟಿನ ಹಿಂಭಾಗದಲ್ಲಿ ನಿಲ್ಲಲಾ, ನಡುವೆ ನಿಲ್ಲಲಾ?

ಕರಾವಳಿ_ಹುಡುಗ:
ಅಲೆಮಾರಿ ಅವರೇ, ಆ ಎಲೆಕ್ಟ್ರಿಕ್ ರೀಲ್‌ಗೆ ಬ್ಯಾಟರಿ ಯಾವುದು ಹಾಕಿದ್ದೀರಿ?